ಹೆಬ್ಬಾಗಿಲು ಮತ್ತು ಒಳಮನೆ

ನನ್ನ ತಂಗಿಯ ಮನೆ ಚಿತ್ರದುರ್ಗದಲ್ಲಿ. ಆಷಾಢದ ಒಂದು ಭಾನುವಾರ ನಾನು ಅಲ್ಲಿಗೆ ಹೋದಾಗ ಹೆಣ್ಣು ನೋಡುವ ಶಾಸ್ತ್ರಕ್ಕೆ ಸೇರುವಷ್ಟು ಜನ ಸೇರಿದ್ದರು. ಆಷಾಢವಾದ್ದರಿಂದ ಯಾರಿಗೂ ಮದುವೆ ಮುಂಜಿಯ ಓಡಾಟವಿಲ್ಲ. ಹಾಗಾಗಿ ಎಲ್ಲರಿಗೂ ಸಲಹೆ ಕೊಡಲು ಬೇಕಾದಷ್ಟು ಪುರುಸೊತ್ತು. ತಂಗಿಯ ಮಗಳು ಬಿ.ಎ. ಮುಗಿಸಿದ್ದಳು. ಎಂ.ಎ.ಗೆ ಎರಡು ಕಡೆ ಅರ್ಜಿ ಹಾಕಿ, ಎರಡು ಕಡೆಯೂ ಸೀಟು ಸಿಕ್ಕಿ, ಯಾವುದನ್ನು ಬಿಡಬೇಕೆಂಬ ಪೀಕಲಾಟಕ್ಕೆ ಬಿದ್ದಿದ್ದಳು. ಸೀಟು ಸಿಗದಿದ್ದರೆ ಅಳು ಒಂದೇ ದಿನಕ್ಕೆ ಮುಗಿಯುತ್ತದೆ. ಎರಡು ಸಿಕ್ಕರೆ ಮನೆಯವರೆಲ್ಲರ ನಿದ್ದೆ ಹೋಗುತ್ತದೆ.

ಒಂದು ಸೀಟು ದೊಡ್ಡ ಹೆಸರಿನ ವಿಶ್ವವಿದ್ಯಾಲಯದ್ದು. ಅದರ ಹೆಸರು ಇಲ್ಲಿ ಬೇಡ. ಹೇಳಿದರೆ ಆಟೋದವರೂ ತಲೆದೂಗುವಂಥದ್ದು ಅಂದರೆ ಸಾಕು. ಇನ್ನೊಂದು ಪುಣೆಯ ಡೆಕ್ಕನ್ ಕಾಲೇಜಿನದು, ಪ್ರಾಚೀನ ಇತಿಹಾಸ ಮತ್ತು ಪುರಾತತ್ವದಲ್ಲಿ ಎಂ.ಎ. ಹೆಸರು ಕೇಳಿದೊಡನೆ ತಂಗಿಯ ಅತ್ತೆ, "ಬಿ.ಎ. ಕಾಲೇಜು ಮುಗಿಸಿ ಮತ್ತೆ ಕಾಲೇಜಿಗೇ ಹೋಗ್ತಾಳಾ? ಹಾಗಿದ್ರೆ ಮೇಲಕ್ಕೆ ಹೋದದ್ದೆಲ್ಲಿ?" ಅಂದರು. ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಅದೇ ಸಂದೇಹವಿತ್ತು.

ತಂಗಿ ನನ್ನನ್ನು ಅಡುಗೆಮನೆಗೆ ಕರೆದು, "ಅಕ್ಕಾ, ನೀನು ಮೇಷ್ಟ್ರು ಕೆಲಸದವಳು, ನೀನೇ ಓದಿ ಹೇಳು" ಎಂದು ಎರಡೂ ಕಡೆಯ ಪ್ರಾಸ್ಪೆಕ್ಟಸ್ಸುಗಳನ್ನು ಕೈಗಿಟ್ಟಳು. ಫೋನಿನಲ್ಲಿ ಬಂದದ್ದನ್ನು ಹುಡುಗಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ ತಂದಿದ್ದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಗದ್ಯಭಾಗ ಕೊಟ್ಟರೆ 'ಲೇಖಕರು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು' ಎಂದು ಮಕ್ಕಳಿಗೆ ಪ್ರಶ್ನೆ ಹಾಕುವುದು ನನ್ನ ಅಭ್ಯಾಸ. ಆ ರಾತ್ರಿ ಪ್ರಾಸ್ಪೆಕ್ಟಸ್ಸುಗಳನ್ನೂ ಹಾಗೆಯೇ ಓದಿದೆ.

ಪ್ರಾಸ್ಪೆಕ್ಟಸ್ ಕೂಡ ಒಂದು ಸಾಹಿತ್ಯ ಪ್ರಕಾರವೇ ಎಂದು ಅವತ್ತು ಅನಿಸಿತು. ಅದಕ್ಕೂ ಒಂದು ಕಟ್ಟುಪಾಡಿದೆ. ಮೊದಲ ಪುಟದಲ್ಲಿ ಹೆಬ್ಬಾಗಿಲಿನ ಚಿತ್ರ. ಎರಡನೆಯದರಲ್ಲಿ ಕುಲಪತಿಗಳ ಸಂದೇಶ. ಆಮೇಲೆ ನ್ಯಾಕ್ ಶ್ರೇಣಿ, ರಾಷ್ಟ್ರಮಟ್ಟದ ಸ್ಥಾನ, ಹಿಂದೆ ಓದಿಹೋದ ಮಹನೀಯರ ಸಾಲು. ನಂತರ ಒಳಾಂಗಣ ಕ್ರೀಡಾಂಗಣ, ವೈಫೈ, ಕ್ಯಾಂಟೀನು. ದೊಡ್ಡ ಹೆಸರಿನ ಆ ಪ್ರಾಸ್ಪೆಕ್ಟಸ್ಸಿನಲ್ಲಿ ನಮ್ಮ ಹುಡುಗಿಗೆ ಬೇಕಾದ ಇತಿಹಾಸ ವಿಭಾಗಕ್ಕೆ ಸಿಕ್ಕಿದ್ದು ಒಂದು ಪ್ಯಾರಾ. ಅದರಲ್ಲಿ ವಿಭಾಗ ಯಾವಾಗ ಶುರುವಾಯಿತು ಎಂದಿತ್ತು. ಈಗ ಯಾರು ಪಾಠ ಮಾಡುತ್ತಾರೆ ಎಂದಿರಲಿಲ್ಲ. ಮದುವೆಯ ಕರೆಯೋಲೆಯಲ್ಲಿ ತಾತ ಮುತ್ತಾತಂದಿರ ಹೆಸರೆಲ್ಲ ಹಾಕಿ, ಹುಡುಗ ಏನು ಮಾಡುತ್ತಾನೆ ಎಂಬುದನ್ನು ಮಾತ್ರ ಬಿಟ್ಟ ಹಾಗೆ.

ನ್ಯಾಕ್, ಶ್ರೇಯಾಂಕ ಎಂದೆನಲ್ಲ, ಅವು ಸುಳ್ಳೆಂದು ನಾನು ಹೇಳುತ್ತಿಲ್ಲ. ಅವು ಯಾವುದನ್ನು ಅಳೆಯುತ್ತವೆ ಎಂಬುದು ನಮ್ಮಂಥ ತಾಯಂದಿರಿಗೆ ತಿಳಿದಿರಬೇಕು, ಅಷ್ಟೆ. ನ್ಯಾಕ್ ಸಂಸ್ಥೆ 1994ರಲ್ಲಿ ಹುಟ್ಟಿತು. ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅದು ಕೊಡುತ್ತ ಬಂದ ಎ, ಎ ಪ್ಲಸ್ ಮುಂತಾದ ಶ್ರೇಣಿಗಳು ಇಡೀ ಸಂಸ್ಥೆಗೆ ಕೊಟ್ಟವು. ಇಷ್ಟು ವಿಭಾಗಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಆ ಒಂದು ಅಕ್ಷರ ಹೇಳಲಾರದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಶ್ರೇಯಾಂಕ ಪಟ್ಟಿ ಮೊದಲು ಬಂದದ್ದು 2016ರಲ್ಲಿ. ಬೋಧನೆ ಮತ್ತು ಸೌಕರ್ಯಕ್ಕೆ ಶೇಕಡ 30, ಸಂಶೋಧನೆಗೆ 30, ಓದಿ ಹೊರಬಿದ್ದವರ ಫಲಿತಾಂಶಕ್ಕೆ 20, ಎಲ್ಲ ವರ್ಗದವರನ್ನೂ ಒಳಗೊಳ್ಳುವುದಕ್ಕೆ 10 ಎಂದು ಹಂಚಿ, ಉಳಿದ 10ನ್ನು 'ಅಭಿಪ್ರಾಯ'ಕ್ಕೆ ಇಟ್ಟಿದ್ದಾರೆ. ಅಭಿಪ್ರಾಯ ಎಂದರೆ ಆ ಸಂಸ್ಥೆಯ ಬಗ್ಗೆ ಬೇರೆಯವರಿಗಿರುವ ಅನಿಸಿಕೆ. ಅಂದರೆ ಹೆಸರಿದ್ದವರಿಗೆ ಹೆಸರಿನ ಲೆಕ್ಕದಲ್ಲೇ ಒಂದಿಷ್ಟು ಅಂಕ! ಎಂಜಿನಿಯರಿಂಗ್, ಕಾನೂನು, ವೈದ್ಯಕೀಯ, ಫಾರ್ಮಸಿಗಳಿಗೆ ಬೇರೆ ಪಟ್ಟಿಗಳಿವೆ. ಇತಿಹಾಸಕ್ಕಾಗಲಿ ಕನ್ನಡಕ್ಕಾಗಲಿ ಅಂಥ ಪಟ್ಟಿ ಇಲ್ಲ. 2016ರ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳ ಪೈಕಿ ಮೊದಲ ಸ್ಥಾನ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವುದಕ್ಕೆ. ದೇಶಕ್ಕೇ ಹೆಮ್ಮೆಯ ಸಂಸ್ಥೆ ಅದು. ಆದರೆ ಕನ್ನಡ ಎಂ.ಎ. ಓದಬೇಕೆನ್ನುವ ಹುಡುಗಿ ಆ ಮೊದಲ ಸ್ಥಾನವನ್ನು ಕಟ್ಟಿಕೊಂಡು ಏನು ಮಾಡಬೇಕು? ಅಲ್ಲಿ ಆ ಕೋರ್ಸೇ ಇಲ್ಲ.

ಇದು ನಮ್ಮ ಶಾಲೆಯ ಹತ್ತನೇ ತರಗತಿ ಫಲಿತಾಂಶದ ಹಾಗೆ. ಗೇಟಿನ ಮೇಲೆ ಬ್ಯಾನರು ಕಟ್ಟುತ್ತೇವೆ, ಶೇಕಡ ಇಷ್ಟು ಎಂದು. ಬುದ್ಧಿವಂತ ತಾಯಿ ಬ್ಯಾನರು ನೋಡಿ ಸುಮ್ಮನಾಗುವುದಿಲ್ಲ. "ಗಣಿತಕ್ಕೆ ಯಾರಿದ್ದಾರೆ ಮೇಡಂ?" ಎನ್ನುತ್ತಾಳೆ. ಗಣಿತದ ಮೇಷ್ಟ್ರಿಗೆ ಜೂನ್‌ನಲ್ಲಿ ವರ್ಗವಾಗಿ ಹೋಗಿರಬಹುದು. ಬ್ಯಾನರು ಮುಂದಿನ ಮೇ ತಿಂಗಳವರೆಗೆ ಹಾಗೇ ತೂಗಾಡುತ್ತಿರುತ್ತದೆ.

ವಿಶ್ವವಿದ್ಯಾಲಯದ ಹೆಸರಿಗೂ ಇದೇ ಮಾತು ಸಲ್ಲುತ್ತದೆ. ನಾವು ಹೆಸರು ಎಂದು ಕರೆಯುವುದು ಬಹುಪಾಲು ಹಿಂದಿನವರು ಇಟ್ಟುಹೋದ ಠೇವಣಿಯ ಬಡ್ಡಿ. ಹಿಂದೆ ಯಾವುದೋ ವಿಭಾಗದಲ್ಲಿ ನಾಲ್ಕು ಜನ ಪ್ರಾಣ ಬಿಟ್ಟು ದುಡಿದಿರುತ್ತಾರೆ. ಅವರ ಹೆಸರು ಇಡೀ ವಿಶ್ವವಿದ್ಯಾಲಯಕ್ಕೆ ಅಂಟುತ್ತದೆ. ಅವರು ಹೋದಮೇಲೂ ಬಡ್ಡಿ ಬರುತ್ತಲೇ ಇರುತ್ತದೆ.

ಮೈಸೂರಿನ ಕಥೆಯನ್ನೇ ನೋಡಿ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಕನ್ನಡ ಎಂ.ಎ. ತೆರೆದದ್ದು 1927ರಲ್ಲಿ. ಆಗ ಆ ತರಗತಿಗೆ ಯಾವ ಖ್ಯಾತಿಯೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕನ್ನಡದಲ್ಲಿ ಎಂ.ಎ. ಮಾಡಿ ಯಾರು ಉದ್ಧಾರವಾಗುತ್ತಾರೆ ಎಂದು ಆಗಿನ ಅತ್ತೆಯಂದಿರು ಖಂಡಿತ ಕೇಳಿರುತ್ತಾರೆ. ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರದ ಬಿ.ಎ. ಮುಗಿಸಿದ್ದ ಕುವೆಂಪು ಆ ಮೊದಲ ತಂಡಕ್ಕೇ ಸೇರಿದರು. ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರ ಪ್ರೇರಣೆ ಅದರ ಹಿಂದಿತ್ತು. ಮುಂದೆ 'ಶ್ರೀ ರಾಮಾಯಣ ದರ್ಶನಂ' ಬರೆದಾಗ ಅದನ್ನು ಅರ್ಪಿಸಿದ್ದೂ ಅದೇ ವೆಂಕಣ್ಣಯ್ಯನವರಿಗೆ. ಕುವೆಂಪು 1956ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಮೈಸೂರು ಎಂದರೆ ಕನ್ನಡ ವಿಭಾಗ ಎಂಬ ಮಾತು ಹುಟ್ಟಿದ್ದು ಹೀಗೆ. ವಿಶ್ವವಿದ್ಯಾಲಯ ವಿಭಾಗಕ್ಕೆ ಹೆಸರು ಕೊಡಲಿಲ್ಲ, ವಿಭಾಗ ವಿಶ್ವವಿದ್ಯಾಲಯಕ್ಕೆ ಕೊಟ್ಟಿತು. ವಿಭಾಗವನ್ನು ವಿಭಾಗ ಮಾಡಿದ್ದು ಮನುಷ್ಯರು.

ಹಾಗಾದರೆ ವಿಭಾಗದ ಖ್ಯಾತಿಯನ್ನು ಕಣ್ಣುಮುಚ್ಚಿ ನಂಬಬಹುದೇ? ಅದನ್ನೂ ಒಪ್ಪಲಾರೆ. ಇಲ್ಲಿ ನನ್ನದೇ ಕಥೆ ಹೇಳಬೇಕು.

1991ರಲ್ಲಿ ನಾನು ಬಿ.ಎ. ಮುಗಿಸಿದೆ. ಕನ್ನಡ ನನ್ನ ಮುಖ್ಯ ವಿಷಯ. ನಾನು ಓದಿ ಮೆಚ್ಚಿದ್ದ ವಿಮರ್ಶಕರಿಬ್ಬರು ಒಂದೇ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿದ್ದಾರೆ ಎಂದು ನಮ್ಮ ಕಾಲೇಜಿನ ಮೇಡಂ ಹೇಳಿದ್ದರು. ವಿಶ್ವವಿದ್ಯಾಲಯಕ್ಕೂ ಹೆಸರು, ವಿಭಾಗಕ್ಕೂ ಹೆಸರು. ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿ ನನ್ನನ್ನು ಸೇರಿಸಿದರು. ಟ್ರಂಕಿನ ತಳದಲ್ಲಿ ಆ ಇಬ್ಬರ ಪುಸ್ತಕಗಳನ್ನಿಟ್ಟುಕೊಂಡು ಹೋಗಿದ್ದೆ, ಸಹಿ ಹಾಕಿಸಿಕೊಳ್ಳಬೇಕೆಂದು. ಹೋಗಿ ನೋಡಿದರೆ ಒಬ್ಬರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಇನ್ನೊಬ್ಬರು ಆ ವರ್ಷವೆಲ್ಲ ಬೇರೆ ಜವಾಬ್ದಾರಿಯ ಮೇಲೆ ಹೊರಗಿದ್ದರು. ಅವರ ಪತ್ರಿಕೆಗಳನ್ನು ತೆಗೆದುಕೊಂಡವರು ಹಳೆಯ ನೋಟ್ಸನ್ನು ಹೇಳಿ ಬರೆಸುತ್ತಿದ್ದರು. ಹಾಳೆ ಹಳದಿಯಾಗಿತ್ತು. ನಾವು ಬರೆದುಕೊಳ್ಳುತ್ತಿದ್ದೆವು.

ಒಂದು ವರ್ಷವಾಗುವಷ್ಟರಲ್ಲಿ ಅಪ್ಪನಿಗೆ ಆರೋಗ್ಯ ಕೆಟ್ಟಿತು. ನಾನು ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಬಿ.ಇಡಿ. ಮಾಡಿ ಕೆಲಸಕ್ಕೆ ಸೇರಿದೆ. ಅಪ್ಪನ ಕಾಯಿಲೆಯಿಂದ ಬಿಟ್ಟೆ ಎಂದು ಇವತ್ತಿಗೂ ಹೇಳುತ್ತೇನೆ. ಅದು ನಿಜ. ಆ ತರಗತಿಯಲ್ಲಿ ಮನಸ್ಸು ಒಂದಿಷ್ಟು ಅರಳಿದ್ದರೆ ಅಪ್ಪ ಗುಣವಾದ ಮೇಲೆ ಹೇಗಾದರೂ ಮಾಡಿ ವಾಪಸು ಹೋಗುತ್ತಿದ್ದೆ ಎಂಬುದೂ ನಿಜ. ಎರಡನೆಯ ನಿಜವನ್ನು ಅಪ್ಪನಿಗೆ ಹೇಳಲಿಲ್ಲ. ಸಾಲ ಅವರ ತಲೆಯ ಮೇಲಿತ್ತು.

ತಮಾಷೆ ಏನು ಗೊತ್ತೇ? ಓದಿ ಮುಗಿಸದ ಆ ಹೆಸರೇ ನನ್ನ ಮದುವೆಯ ಮಾತಿನಲ್ಲಿ ಕೆಲಸಕ್ಕೆ ಬಂತು. "ಹುಡುಗಿ ಅಂಥಲ್ಲಿ ಓದಿದವಳು" ಎಂದು ಸೋದರಮಾವ ಗತ್ತಿನಿಂದ ಹೇಳಿದರು. ಎಷ್ಟು ಓದಿದಳು, ಏನು ಓದಿದಳು ಎಂದು ಗಂಡಿನವರು ಕೇಳಲಿಲ್ಲ. ದೊಡ್ಡ ಹೆಸರಿಗೆ ಎಂಥ ಶಕ್ತಿಯಿದೆ ಎಂದು ಅವತ್ತೇ ಕಂಡೆ. ಅದಕ್ಕೇ ಹೆಸರನ್ನು ನಾನು ಹೀಗಳೆಯಲಾರೆ. ಪದವಿ ಪ್ರಮಾಣಪತ್ರದ ನೆತ್ತಿಯ ಮೇಲೆ ದೊಡ್ಡದಾಗಿ ಕಾಣುವುದು ವಿಶ್ವವಿದ್ಯಾಲಯದ ಹೆಸರು. ಯಾವ ಗುರು ಪಾಠ ಹೇಳಿದರು ಎಂದು ಅದರ ಮೇಲೆ ಬರೆದಿರುವುದಿಲ್ಲ. ಲೋಕಕ್ಕೆ ಓದಲು ಬರುವುದು ಆ ಒಂದು ಸಾಲು ಮಾತ್ರ. ಹೆಣ್ಣುಮಕ್ಕಳ ಮಟ್ಟಿಗಂತೂ ಆ ಸಾಲನ್ನು ಒಡವೆಯ ಪಟ್ಟಿಯ ಜೊತೆಯಲ್ಲೇ ಓದುತ್ತಾರೆ.

ಗುರುಗಳು ಜಾಗ ಬದಲಿಸಿದರೆ ವಿಭಾಗದ ಖ್ಯಾತಿಯೂ ಅವರ ಹಿಂದೆ ಹೊರಡುತ್ತದೆ ಎಂಬುದಕ್ಕೆ ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಸಾಕ್ಷಿ. 1951ರಲ್ಲಿ ಬರೋಡಕ್ಕೆ ಹೋಗಿ ಅಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. 1959ರಲ್ಲಿ ದೆಹಲಿಗೆ ಹೋಗಿ ಅಲ್ಲೊಂದು ಕಟ್ಟಿದರು. 1972ರಲ್ಲಿ ಬೆಂಗಳೂರಿಗೆ ಬಂದರು. 1958ರಲ್ಲಿ ಅವರನ್ನೇ ನಂಬಿ ಬರೋಡಕ್ಕೆ ಸೇರಿದ ವಿದ್ಯಾರ್ಥಿಯ ಪಾಡು ಏನಾಗಿರಬಹುದು ಎಂದು ಊಹಿಸಿಕೊಳ್ಳಿ. ದೊಡ್ಡ ಹೆಸರು ಸವೆಯಲು ಐವತ್ತು ವರ್ಷ ಬೇಕು. ವಿಭಾಗದ ಹೆಸರು ಖಾಲಿಯಾಗಲು ಒಂದು ನಿವೃತ್ತಿ, ಎರಡು ವರ್ಗಾವಣೆ ಸಾಕು. ಊರಿನವರಿಗೆ ಅದು ಗೊತ್ತಾಗಲು ಮಾತ್ರ ಹತ್ತು ವರ್ಷ ಹಿಡಿಯುತ್ತದೆ.

ಇನ್ನು ಡೆಕ್ಕನ್ ಕಾಲೇಜಿನ ಕಡೆಗೆ ಬರೋಣ. ತಂಗಿಯ ಅತ್ತೆಯವರ ಸಂದೇಹಕ್ಕೆ ಉತ್ತರ ಕೊಡಬೇಕಲ್ಲ. ಅದರ ಬೇರು 1821ರಷ್ಟು ಹಳೆಯದು. ಬಾಲ ಗಂಗಾಧರ ತಿಲಕರು ಬಿ.ಎ. ಓದಿದ್ದು ಅಲ್ಲಿಯೇ. ಆಮೇಲೆ ಮಧ್ಯದಲ್ಲಿ ಮುಚ್ಚಿಹೋಗಿ, 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ಪುರಾತತ್ವಕ್ಕೆ ಎಚ್.ಡಿ. ಸಾಂಕಾಲಿಯಾ, ಸಮಾಜ ಮತ್ತು ಮಾನವಶಾಸ್ತ್ರಕ್ಕೆ ಇರಾವತಿ ಕರ್ವೆ ಬಂದದ್ದು ಆಗಲೇ. ನಾವೆಲ್ಲ ಮೆಚ್ಚಿ ಓದುವ 'ಯುಗಾಂತ' ಬರೆದ ಕರ್ವೆಯವರೇ ಅವರು. 1990ರಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮಾನವೆಂಬ ಮಾನ್ಯತೆ ಸಿಕ್ಕಿತು. ಹೆಸರಿನಲ್ಲಿ ಮಾತ್ರ 'ಕಾಲೇಜು' ಉಳಿಯಿತು. ಹೇಳುವ ವಿಷಯಗಳು ಬೆರಳೆಣಿಕೆಯಷ್ಟು. ಆ ವಿಷಯಗಳನ್ನು ಬಲ್ಲವರಿಗೆ ಆ ಹೆಸರು ಗೊತ್ತು. ಬೇರೆಯವರಿಗೆ ಗೊತ್ತಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳದ ಕಣಿವೆಗಳಲ್ಲಿ ಆದಿಮಾನವರ ಕಲ್ಲಿನ ಆಯುಧಗಳನ್ನು ಹುಡುಕುತ್ತ ವರ್ಷಾನುಗಟ್ಟಲೆ ಅಲೆದ ಕೆ. ಪದ್ದಯ್ಯನವರು ಇದೇ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದವರು.

ನಮ್ಮ ಹುಡುಗಿಗೆ ಈ ಹುಚ್ಚು ಹತ್ತಿದ್ದು ಪುಸ್ತಕದಿಂದಲ್ಲ. ಚಿತ್ರದುರ್ಗದ ಮಗ್ಗುಲಲ್ಲೇ ಚಂದ್ರವಳ್ಳಿ ಇದೆ. ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರೂ ಆಗಿದ್ದ ಎಂ.ಎಚ್. ಕೃಷ್ಣ ಅಲ್ಲಿ ನೆಲ ಅಗೆಸಿದರು. 1947ರಲ್ಲಿ ವೀಲರ್ ಸಾಹೇಬರು ಅಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಇವಳು ಒಂಬತ್ತನೇ ತರಗತಿಯಲ್ಲಿದ್ದಾಗ ನಾನೇ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಅಶೋಕನ ಶಾಸನದ ಬಂಡೆ ತೋರಿಸಿದ್ದೆ. "ದೊಡ್ಡಮ್ಮ, ಈ ನೆಲದ ಕೆಳಗೆ ಇನ್ನೂ ಇದೆಯಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅವಳಿಗೆ ಉತ್ತರ ಹೇಳಬಲ್ಲವರು ಯಾರಿದ್ದಾರೆ ಎಂಬುದೇ ಈಗಿನ ಪ್ರಶ್ನೆ.

ಆದರೆ ನನಗೆ ನನ್ನ ಟ್ರಂಕಿನ ಪುಸ್ತಕಗಳ ನೆನಪಿತ್ತು. ಕರ್ವೆ 1970ರಲ್ಲಿ ತೀರಿಕೊಂಡರು, ಸಾಂಕಾಲಿಯಾ 1989ರಲ್ಲಿ. ಅವರ ಹೆಸರು ನಂಬಿ ಇವಳನ್ನು ಕಳಿಸಿದರೆ ನಾನು ಮಾಡಿದ ತಪ್ಪನ್ನೇ ಮಾಡಿದಂತೆ. ಆದ್ದರಿಂದ ಹುಡುಗಿಗೆ ಹೇಳಿದೆ: "ಪಟ್ಟಿ, ಖ್ಯಾತಿ ಎರಡನ್ನೂ ಪಕ್ಕಕ್ಕಿಡು. ಎರಡು ಕಡೆಯೂ ಈಗ ಓದುತ್ತಿರುವ ಹುಡುಗಿಯರನ್ನು ಹುಡುಕು. ಅಧ್ಯಾಪಕರನ್ನು ಕೇಳಬೇಡ, ವಿದ್ಯಾರ್ಥಿನಿಯರನ್ನು ಕೇಳು." ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಕಾಯಂ ಅಧ್ಯಾಪಕರು ಎಷ್ಟು ಜನ? ಮುಂದಿನ ಎರಡು ವರ್ಷದಲ್ಲಿ ಯಾರು ನಿವೃತ್ತರಾಗುತ್ತಾರೆ? ಕಳೆದ ವರ್ಷ ಹೊರಗೆ ಕ್ಷೇತ್ರಕಾರ್ಯಕ್ಕೆ ಕರೆದುಕೊಂಡು ಹೋಗಿದ್ದರೇ? ಗ್ರಂಥಾಲಯ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹೆಣ್ಣುಮಕ್ಕಳು ಅಲ್ಲಿಂದ ಹಾಸ್ಟೆಲಿಗೆ ಹೇಗೆ ಬರುತ್ತಾರೆ? ಮೂರು ವರ್ಷದ ಹಿಂದೆ ಓದಿದವರು ಈಗ ಏನು ಮಾಡುತ್ತಿದ್ದಾರೆ?

ದೊಡ್ಡ ಹೆಸರಿನ ಕಡೆಯಿಂದ ಬಂದ ಉತ್ತರ ಕೇಳಿ ತಂಗಿ ಪೆಚ್ಚಾದಳು. ಆ ವಿಭಾಗದಲ್ಲಿ ಕಾಯಂ ಇದ್ದವರು ಒಬ್ಬರೇ. ಉಳಿದವರೆಲ್ಲ ಅತಿಥಿ ಉಪನ್ಯಾಸಕರು. ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಅತಿಥಿ ಉಪನ್ಯಾಸಕರು ಕೆಟ್ಟ ಗುರುಗಳೆಂದು ನಾನು ಹೇಳುತ್ತಿಲ್ಲ. ಎಷ್ಟೋ ಕಡೆ ವಿಭಾಗ ಉಸಿರಾಡುತ್ತಿರುವುದೇ ಅವರಿಂದ. ಆದರೆ ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ನಿಮ್ಮ ಮಗಳ ಎರಡು ವರ್ಷದ ಕೆಲಸವನ್ನು ಹೇಗೆ ಕೈಹಿಡಿದು ನಡೆಸಬೇಕು? ತಪ್ಪು ಅವರದಲ್ಲ, ಹುದ್ದೆ ತುಂಬದವರದು. ಪುಣೆಯ ಕಡೆ ಮಾತಾಡಿದ ಹುಡುಗಿ ಕನ್ನಡದವಳೇ ಆಗಿದ್ದಳು. "ಇಲ್ಲಿ ಇಂಗ್ಲಿಷಿನಲ್ಲಿ ಬರೆಯೋದಕ್ಕೆ ಮೊದಲ ಆರು ತಿಂಗಳು ಅಳಬೇಕಾಗುತ್ತೆ ಕಣೇ" ಎಂದು ಮೊದಲೇ ಹೇಳಿದಳಂತೆ. ಆಮೇಲೆ ಮಡಕೆಚೂರುಗಳನ್ನು ತೊಳೆದು, ನಂಬರು ಹಾಕಿ, ಗೀಚಿಡುವ ಕೆಲಸದ ಬಗ್ಗೆ ಅರ್ಧ ಗಂಟೆ ಬಿಡುವಿಲ್ಲದೆ ಮಾತಾಡಿದಳಂತೆ. ನನಗೆ ಆ ಅರ್ಧ ಗಂಟೆಯೇ ದೊಡ್ಡ ಪ್ರಮಾಣಪತ್ರವಾಗಿ ಕಂಡಿತು. ತನ್ನ ವಿಷಯದ ಬಗ್ಗೆ ಹಾಗೆ ಮಾತಾಡುವ ಹುಡುಗಿಯನ್ನು ನನ್ನ ತರಗತಿಯಲ್ಲಿ ನಾನು ಕಂಡಿರಲಿಲ್ಲ. ನಾನೂ ಹಾಗೆ ಮಾತಾಡಿರಲಿಲ್ಲ.

ಇಷ್ಟು ಹೇಳಿದ ಮೇಲೂ ಎಲ್ಲ ತಾಯಂದಿರಿಗೂ 'ವಿಭಾಗವನ್ನೇ ಆರಿಸಿ' ಎಂದು ಹೇಳಲು ನನಗೆ ಧೈರ್ಯವಿಲ್ಲ. ಯಾವ ವಿಷಯ ಬೇಕೆಂದು ಮಗಳಿಗೇ ಖಚಿತವಿಲ್ಲದಿದ್ದರೆ ದೊಡ್ಡ ವಿಶ್ವವಿದ್ಯಾಲಯವೇ ವಾಸಿ. ಅಲ್ಲಿ ನೂರು ಬಾಗಿಲುಗಳಿರುತ್ತವೆ, ಒಂದು ಮುಚ್ಚಿದರೆ ಇನ್ನೊಂದನ್ನು ತಟ್ಟಬಹುದು. ಎಂ.ಎ. ಮುಗಿಸಿ ಬ್ಯಾಂಕು, ಖಾಸಗಿ ಕಂಪನಿ ಎಂದು ಹೊರಡುವವಳಿಗೆ ಹೆಸರು ಒಂದಿಷ್ಟು ದಾರಿ ಬಿಡಿಸುತ್ತದೆ. ಸರ್ಕಾರಿ ಮೇಷ್ಟ್ರು ಕೆಲಸಕ್ಕೆ ಬರುವವಳಿಗೆ ಎರಡೂ ಅಷ್ಟಾಗಿ ಬೇಕಾಗುವುದಿಲ್ಲ. ಅಲ್ಲಿ ಕೇಳುವುದು ಅಂಕ ಮತ್ತು ಪರೀಕ್ಷೆ. ಎನ್‌ಇಟಿ ಪ್ರಶ್ನೆಪತ್ರಿಕೆಯೂ ನೀನು ಎಲ್ಲಿ ಓದಿದೆ ಎಂದು ಕೇಳುವುದಿಲ್ಲ, ಏನು ಓದಿದೆ ಎಂದಷ್ಟೇ ಕೇಳುತ್ತದೆ. ಆದರೆ ಒಂದು ವಿಷಯವನ್ನು ಹಿಡಿದು ಅದರಲ್ಲೇ ಬಾಳಬೇಕೆನ್ನುವ ಹುಡುಗಿಗೆ ಹೆಬ್ಬಾಗಿಲಿನ ಕೆತ್ತನೆಗಿಂತ ಒಳಮನೆಯ ಒಲೆ ಉರಿಯುತ್ತಿದೆಯೇ ಎಂಬುದು ಮುಖ್ಯ. ಒಲೆ ಉರಿಯುತ್ತಿದೆಯೇ ಎಂದು ಬಾಗಿಲಲ್ಲಿ ನಿಂತವರಿಗೆ ತಿಳಿಯದು. ಒಳಗಿರುವವರನ್ನು ಕೂಗಿ ಕೇಳಬೇಕು.

ತಂಗಿ ಕೊನೆಯವರೆಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅಕ್ಕಾ, ಅಷ್ಟು ದೂರ ಹೋಗಿ ಮಣ್ಣು ಅಗೆದು ಬಂದಮೇಲೆ ಕೆಲಸ ಸಿಗದಿದ್ರೆ?" ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ. ಪುರಾತತ್ವದಲ್ಲಿ ಹುದ್ದೆಗಳು ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ದೊಡ್ಡ ಹೆಸರಿನ ಕಡೆ ಹೋದರೂ ಆ ಪ್ರಶ್ನೆ ಹಾಗೇ ಇರುತ್ತಿತ್ತು ಎಂದಷ್ಟೇ ಹೇಳಿದೆ. ಅವಳು ಸುಮ್ಮನಾದಳು. ಒಪ್ಪಿದ್ದರಿಂದಲ್ಲ.

ಹುಡುಗಿ ಪುಣೆಗೆ ಹೋದಳು. ಹೆದ್ದಾರಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ದಾಟಿ ಬೆಳಗಾಗುವಷ್ಟರಲ್ಲಿ ಪುಣೆ ಹತ್ತಿರ ಬಂದಿರುತ್ತದೆ. ದೀಪಾವಳಿಗೆ ಬಂದಾಗ ಮುಖ ಬಿಸಿಲಿಗೆ ಕಪ್ಪಾಗಿತ್ತು. ಇಂಗ್ಲಿಷಿಗೆ ಅತ್ತದ್ದೂ ನಿಜವೆಂದಳು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುತ್ತ ಗೊಣಗಿದರು. ಆಗ ಪಕ್ಕದ ಮನೆಯಾಕೆ ಬಂದು, "ಮಗಳು ಯಾವ ಯೂನಿವರ್ಸಿಟಿಯಲ್ಲಿ ಓದ್ತಿದ್ದಾಳೆ?" ಎಂದು ತಂಗಿಯನ್ನು ಕೇಳಿದರು. ನಾನು ಕಿವಿಗೊಟ್ಟು ಕೂತೆ. ತಂಗಿ ಒಂದು ಕ್ಷಣವೂ ತಡೆಯದೆ ಅಂದಳು: "ಪುಣೆಯಲ್ಲಿ!"

ಆಕೆ ಮೆಚ್ಚಿ ತಲೆದೂಗಿದರು. ಕಾಲೇಜಿನ ಹೆಸರೂ ಬೇಕಾಗಲಿಲ್ಲ, ವಿಭಾಗದ ಹೆಸರೂ ಬೇಕಾಗಲಿಲ್ಲ.